ಹೆಚ್ಚು ಶಕ್ತಿಯ ಎಂಜಿನ್ನಿಗೆ ಯಾವ ಹೆಡ್ ಗ್ಯಾಸ್ಕೆಟ್? ಕಾಂಪೊಸಿಟ್, ಎಂಎಲ್‌ಎಸ್, ತಾಮ್ರಗಳ ಹೋಲಿಕೆ

ಟರ್ಬೊ ಹಾಕಿಸಿದವರು, ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) ಏರಿಸಿದವರು, ಹಳೆಯ ಎಂಜಿನ್ ಬಿಚ್ಚಿ ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದು) ಹೆಚ್ಚಿಸಲು ಹೊರಟವರು ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಹೆಡ್ ಗ್ಯಾಸ್ಕೆಟ್ ಯಾವುದನ್ನು ಹಾಕಲಿ? ಸಿಲಿಂಡರುಗಳಿರುವ ಬ್ಲಾಕ್, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್, ಇವೆರಡರ ನಡುವೆ ಅನಿಲ, ನೀರು, ಎಣ್ಣೆ ಸೋರದಂತೆ ತಡೆಯುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಒಬ್ಬರು ಎಂಎಲ್‌ಎಸ್ (ಹಲವು ಪದರದ ಉಕ್ಕಿನ ಗ್ಯಾಸ್ಕೆಟ್) ಬಿಟ್ಟು ಬೇರೆ ಮಾತೇ ಬೇಡ ಎನ್ನುತ್ತಾರೆ. ಇನ್ನೊಬ್ಬರು ತಾಮ್ರದ ಮೇಲೆ ಆಣೆ ಹಾಕುತ್ತಾರೆ. ಮೂರನೆಯವರು ಕಂಪನಿಯಿಂದ ಬಂದದ್ದೇ ಸಾಕು ಎಂದು ಕೈತೊಳೆದುಕೊಳ್ಳುತ್ತಾರೆ. ಮೂವರೂ ತಮ್ಮ ತಮ್ಮ ಎಂಜಿನ್ನಿನ ಮಟ್ಟಿಗೆ ಸರಿಯೇ ಇರಬಹುದು. ತೊಂದರೆ ಹುಟ್ಟುವುದು ಅವರ ಎಂಜಿನ್ನಿನ ಉತ್ತರವನ್ನು ನಾವು ನಮ್ಮ ಎಂಜಿನ್ನಿಗೆ ತಂದು ಕೂರಿಸಿದಾಗ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ಕೆಟ್ ಕೊನೆಗೆ ಆರಿಸಬೇಕಾದ ವಸ್ತು. ಹೆಡ್ಡಿನ ಮತ್ತು ಬ್ಲಾಕಿನ ಮೇಲ್ಮೈ ಹೇಗಿದೆ, ಬೋಲ್ಟುಗಳು ಎಷ್ಟು ಬಿಗಿ ಹಿಡಿಯಬಲ್ಲವು, ಎಂಜಿನ್ ಮತ್ತೆ ಎಷ್ಟು ಬೇಗ ಬಿಚ್ಚಿಕೊಳ್ಳಲಿದೆ ಎಂಬ ಮೂರಕ್ಕೆ ಉತ್ತರ ಸಿಕ್ಕಿದರೆ ಗ್ಯಾಸ್ಕೆಟ್ ಬಹುತೇಕ ತಾನಾಗಿಯೇ ಆಯ್ಕೆಯಾಗುತ್ತದೆ. ಇದನ್ನು ತಿರುವುಮುರುವು ಮಾಡಿ, ದುಬಾರಿ ಗ್ಯಾಸ್ಕೆಟ್ ಮೊದಲು ಕೊಂಡು ಆಮೇಲೆ ಹೆಡ್ ಬಿಚ್ಚಿ ನೋಡುವವರೇ ಹೆಚ್ಚು.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು ಒತ್ತಡ. 86 ಮಿಲಿಮೀಟರ್ ಬೋರಿನ, ಅಂದರೆ ಒಳವ್ಯಾಸದ, ಒಂದು ಸಿಲಿಂಡರ್ ತೆಗೆದುಕೊಳ್ಳಿ. ಉರಿಯುವ ಕ್ಷಣದಲ್ಲಿ ಒಳಗಿನ ಒತ್ತಡ 100 ಬಾರ್ ಮುಟ್ಟಿತು ಎಂದರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 58 ಕಿಲೋನ್ಯೂಟನ್, ಅಂದರೆ ಆರು ಟನ್ನಿಗೆ ಹತ್ತಿರ. ಬೂಸ್ಟ್ ಏರಿಸಿ 140 ಬಾರ್ ಮಾಡಿದರೆ ಅದೇ ಬಲ ಎಂಟು ಟನ್ ದಾಟುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಈ ಪೆಟ್ಟು ಸೆಕೆಂಡಿಗೆ 50 ಬಾರಿ ಬೀಳುತ್ತದೆ. ಬೋಲ್ಟುಗಳು ಉಕ್ಕಿನವಾದರೂ ಎಳೆದಾಗ ಹಿಗ್ಗುವ ವಸ್ತುಗಳೇ. ಹಾಗಾಗಿ ಪ್ರತಿ ಪೆಟ್ಟಿಗೂ ಹೆಡ್ ಕೆಲವು ಮೈಕ್ರಾನಿನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮೇಲೆದ್ದು ಮತ್ತೆ ಕೂರುತ್ತದೆ. ಈ ಏಳು-ಬೀಳಿನ ಜೊತೆ ಗ್ಯಾಸ್ಕೆಟ್ ಹಿಗ್ಗಿ ಕುಗ್ಗಿ ಸಾಗಬಲ್ಲುದೇ? ಅದಕ್ಕೆ ಪುಟಿಯುವ ಗುಣ ಎಷ್ಟಿದೆ? ಗ್ಯಾಸ್ಕೆಟ್‌ಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ.

ಎರಡನೆಯದು ಮೇಲ್ಮೈ. ಇದರಲ್ಲಿ ಎರಡು ಬೇರೆ ಬೇರೆ ಗುಣಗಳಿವೆ, ಬಹಳ ಮಂದಿ ಅವನ್ನು ಒಂದೇ ಎಂದುಕೊಳ್ಳುತ್ತಾರೆ. ಒಂದು ಸಮತಟ್ಟು: ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಕರ್ಣಕ್ಕೂ ಇಟ್ಟು ಕೆಳಗೆ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ ನೋಡುವುದು. ನಾಲ್ಕು ಸಿಲಿಂಡರಿನ ಹೆಡ್ಡಿಗೆ ಉದ್ದಕ್ಕೆ 0.075 ಮಿಲಿಮೀಟರ್, ಅಡ್ಡಕ್ಕೆ 0.05 ಮಿಲಿಮೀಟರ್ ದಾಟಬಾರದು ಎಂಬುದು ಸಾಮಾನ್ಯ ಮಿತಿ. ಇನ್ನೊಂದು ನಯ: ಯಂತ್ರದ ಕಟ್ಟರ್ ಬಿಟ್ಟುಹೋದ ಗೀರುಗಳು ಎಷ್ಟು ಆಳವಾಗಿವೆ ಎಂಬುದು. ಇದನ್ನು ಆರ್‌ಎ ಎಂಬ ಸಂಖ್ಯೆಯಲ್ಲಿ ಅಳೆಯುತ್ತಾರೆ. ಕನ್ನಡಿಯಂತೆ ಹೊಳೆಯುವ ಹೆಡ್ ಸೊಟ್ಟಗಿರಬಹುದು. ಚೆನ್ನಾಗಿ ಸಮತಟ್ಟಾಗಿರುವ ಹೆಡ್ ಒರಟಾಗಿಯೂ ಇರಬಹುದು. ಎರಡನ್ನೂ ನೋಡಲೇಬೇಕು.

ಮೂರನೆಯದು ಲೋಹಗಳ ಜೋಡಿ. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. 450 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ 20 ಡಿಗ್ರಿಯಿಂದ 90 ಡಿಗ್ರಿಗೆ ಏರುವಷ್ಟರಲ್ಲಿ 0.72 ಮಿಲಿಮೀಟರ್ ಉದ್ದವಾದರೆ ಕೆಳಗಿನ ಕಬ್ಬಿಣದ ಬ್ಲಾಕ್ ಅದರ ಅರ್ಧದಷ್ಟೇ ಬೆಳೆಯುತ್ತದೆ. ನಡುವೆ ಸಿಕ್ಕಿಕೊಂಡ ಗ್ಯಾಸ್ಕೆಟ್ಟಿನ ಎರಡು ಮುಖಗಳೂ ಬೇರೆ ಬೇರೆ ದೂರಕ್ಕೆ ಎಳೆಯಲ್ಪಡುತ್ತವೆ. ಎಂಜಿನ್ ಬಿಸಿಯಾಗಿ ತಣಿದಾಗಲೆಲ್ಲ ಈ ಉಜ್ಜಾಟ ನಡೆದೇ ಇರುತ್ತದೆ. ಹೆಡ್ಡೂ ಬ್ಲಾಕೂ ಒಂದೇ ಲೋಹದ್ದಾಗಿದ್ದರೆ ಈ ತಲೆನೋವು ಅರ್ಧಕ್ಕೂ ಕೆಳಗಿಳಿಯುತ್ತದೆ.

ನಾಲ್ಕನೆಯದು ದಪ್ಪ. ಅದಕ್ಕೆ ಮುಂದೆ ಬೇರೆಯಾಗಿಯೇ ಬರುತ್ತೇನೆ. ಐದನೆಯದು ಹಣ. ಗ್ಯಾಸ್ಕೆಟ್ಟಿನ ಬೆಲೆಯನ್ನಷ್ಟೇ ನೋಡಿ ಲೆಕ್ಕ ಹಾಕುವವರು ಮೋಸ ಹೋಗುತ್ತಾರೆ. ಅದು ಕೇಳುವ ಮಷೀನ್ ಕೆಲಸ, ಹೊಸ ಬೋಲ್ಟು ಅಥವಾ ಸ್ಟಡ್ (ಬ್ಲಾಕಿಗೆ ತಿರುಪಿ ನಿಲ್ಲಿಸಿ ಮೇಲೆ ನಟ್ ಹಾಕುವ ಸರಳು), ಮತ್ತೆ ಬಿಚ್ಚಿ ಜೋಡಿಸುವ ಕೂಲಿ ಎಲ್ಲವನ್ನೂ ಕೂಡಿಸಿದ ಮೇಲೆ ಉಳಿಯುವ ಮೊತ್ತವೇ ನಿಜವಾದ ಬೆಲೆ. ಹಾಗೆ ಕೂಡಿಸಿದಾಗ ಅಗ್ಗದ್ದು ದುಬಾರಿಯಾಗುವುದೂ ಉಂಟು, ದುಬಾರಿಯದ್ದು ಅಗ್ಗವಾಗುವುದೂ ಉಂಟು.

ಕಾಂಪೊಸಿಟ್: ಒರಟುತನವನ್ನು ಸಹಿಸುವುದು

ನಡುವೆ ತೂತು ಹೊಡೆದ ಉಕ್ಕಿನ ಹಾಳೆ, ಅದರ ಎರಡೂ ಬದಿಗೆ ಗ್ರಾಫೈಟ್ ಅಥವಾ ನಾರಿನ ಮೆತ್ತನೆಯ ಪದರ, ಬೋರಿನ ಅಂಚಿಗೆ ಮಡಚಿ ಕೂರಿಸಿದ ಸ್ಟೇನ್‌ಲೆಸ್ ಉಕ್ಕಿನ ಬಳೆ. ಆ ಬಳೆಗೆ ಫೈರ್ ರಿಂಗ್ ಎನ್ನುತ್ತಾರೆ. ಒಂದು ಕಾಲದಲ್ಲಿ ಈ ಪದರದಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದು ಆರೋಗ್ಯಕ್ಕೆ ಕೇಡೆಂದು ಹೊರಹೋದ ಮೇಲೆ ಅರಾಮಿಡ್ ನಾರು, ಗ್ರಾಫೈಟ್ ಬಂದವು. ಹಾಗಾಗಿ ಹಳೆಯ ವಾಹನದ ಗ್ಯಾಸ್ಕೆಟ್ ಕೆರೆಯುವಾಗ ಧೂಳು ಎಬ್ಬಿಸದೆ ಒದ್ದೆ ಮಾಡಿಕೊಂಡು ತೆಗೆಯುವುದು ಒಳ್ಳೆಯದು.

ಇದರ ದೊಡ್ಡ ಗುಣ ಕ್ಷಮೆ. ಮೆತ್ತನೆಯ ಪದರ ಗೀರುಗಳೊಳಗೆ ಇಳಿದು ತುಂಬಿಕೊಳ್ಳುತ್ತದೆ. 1.5ರಿಂದ 2.5 ಮೈಕ್ರಾನ್ ಆರ್‌ಎ ಇರುವ ಮೇಲ್ಮೈ ಇದಕ್ಕೆ ಒಗ್ಗುತ್ತದೆ, ಮಷೀನ್ ಶಾಪಿನವರ ಲೆಕ್ಕದಲ್ಲಿ ಹೇಳುವುದಾದರೆ 60ರಿಂದ 100 ಮೈಕ್ರೊ ಇಂಚು. ಬ್ಲಾಕನ್ನು ಕೆಳಗಿಳಿಸದೆ ಹೆಡ್ ಮಾತ್ರ ಬಿಚ್ಚಿ ಕೆಲಸ ಮುಗಿಸಬೇಕಾದ ಸಂದರ್ಭದಲ್ಲಿ, ಬ್ಲಾಕಿನ ಮುಖವನ್ನು ಯಂತ್ರಕ್ಕೆ ಕೊಡಲು ಸಾಧ್ಯವೇ ಇಲ್ಲದಾಗ, ಒಳ್ಳೆಯ ಗ್ರಾಫೈಟ್ ಗ್ಯಾಸ್ಕೆಟ್ ಹಾಕುವುದು ಯಾವ ನಾಚಿಕೆಯ ವಿಷಯವೂ ಅಲ್ಲ. ಒರಟು ಬ್ಲಾಕಿನ ಮೇಲೆ ಕೂತ ಎಂಎಲ್‌ಎಸ್‌ಗಿಂತ ಅದು ಎಷ್ಟೋ ವಾಸಿ.

ಕೊರತೆ ಎಲ್ಲಿ? ಮೆತ್ತನೆಯ ವಸ್ತು ಕಾಲಕ್ರಮದಲ್ಲಿ ಕುಸಿಯುತ್ತದೆ. ಕುಸಿದಷ್ಟೂ ಬೋಲ್ಟಿನ ಬಿಗಿ ಇಳಿಯುತ್ತದೆ. ಹಳೆಯ ಕೈಪಿಡಿಗಳಲ್ಲಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಹೆಡ್ ಬೋಲ್ಟ್ ಮತ್ತೆ ಬಿಗಿಮಾಡಿ ಎಂದು ಬರೆದಿರುತ್ತಿದ್ದುದು ಇದಕ್ಕೇ. ಪುಟಿಯುವ ಗುಣವೂ ಕಡಿಮೆ. ಹೆಡ್ ಏಳತೊಡಗಿದರೆ ಅನಿಲ ಮೊದಲು ಫೈರ್ ರಿಂಗನ್ನು ಹಾದು ಹಿಂದಿನ ಮೆತ್ತನೆಯ ಪದರವನ್ನು ಸುಡುತ್ತದೆ, ಆಮೇಲೆ ಬಳೆಯೇ ಪಕ್ಕಕ್ಕೆ ಜಾರುತ್ತದೆ. ಎರಡು ಬೋರುಗಳ ನಡುವಿನ ಗೋಡೆ ಕಿರಿದಾಗಿರುವ ಎಂಜಿನ್ನಿನಲ್ಲಿ ಇದು ಇನ್ನೂ ಬೇಗ. ಟರ್ಬೊ ಇಲ್ಲದ, ಕಂಪ್ರೆಷನ್ ಸ್ವಲ್ಪ ಏರಿಸಿದ, ರಸ್ತೆಯಲ್ಲಿ ಓಡುವ ಎಂಜಿನ್ನಿಗೆ ಕಾಂಪೊಸಿಟ್ ಧಾರಾಳವಾಗಿ ಸಾಕು. ಬೂಸ್ಟ್ ಬಂದ ಮೇಲೆ ಅದರ ಮೇಲಿನ ಭರವಸೆ ದಿನೇ ದಿನೇ ಕರಗುತ್ತದೆ.

ಇದೇ ಕುಟುಂಬದಲ್ಲಿ ಫೈರ್ ರಿಂಗಿನ ಒಳಗೆ ಗಟ್ಟಿ ತಂತಿ ಸೇರಿಸಿ ಬಲಪಡಿಸಿದ ಗ್ಯಾಸ್ಕೆಟ್‌ಗಳೂ ಸಿಗುತ್ತವೆ. ಎರಕದ ಕಬ್ಬಿಣದ ಬ್ಲಾಕಿನ ಹಳೆಯ ವಿ8 ಎಂಜಿನ್‌ಗಳನ್ನು ರೇಸಿಗೆ ಇಳಿಸುವವರು ಬಹಳ ಕಾಲದಿಂದ ಇವನ್ನು ನೆಚ್ಚಿಕೊಂಡಿದ್ದಾರೆ. ಮೇಲ್ಮೈ ಸಾಧಾರಣ, ಒತ್ತಡ ತುಸು ಹೆಚ್ಚು ಎಂಬ ನಡುವಿನ ಸ್ಥಿತಿಗೆ ಇವು ಸರಿಹೊಂದುತ್ತವೆ. ಒಂಟಿ ಉಕ್ಕಿನ ಹಾಳೆಯ ಶಿಮ್ ಗ್ಯಾಸ್ಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಅರ್ಧ ಮಿಲಿಮೀಟರಿಗೂ ತೆಳು, ಕಂಪ್ರೆಷನ್ ಏರಿಸಲು ಅಗ್ಗದ ದಾರಿ, ಆದರೆ ಎರಡೂ ಮುಖ ಬಹಳ ನೇರವಾಗಿರಬೇಕು. ಹಳೆಯ ಕಬ್ಬಿಣದ ಎಂಜಿನ್‌ಗಳ ಆಚೆಗೆ ಅದಕ್ಕೆ ಈಗ ಹೆಚ್ಚು ಕೆಲಸವಿಲ್ಲ.

ಎಂಎಲ್‌ಎಸ್: ಪುಟಿಯುವ ಉಕ್ಕು

ಮಲ್ಟಿ ಲೇಯರ್ ಸ್ಟೀಲ್ ಎಂಬುದರ ಮೊದಲಕ್ಷರಗಳಿಂದ ಬಂದ ಹೆಸರು. ಮೂರು, ನಾಲ್ಕು, ಐದು ಪದರಗಳ ಉಕ್ಕು. ಹೊರಗಿನ ಪದರಗಳು ಸ್ಪ್ರಿಂಗಿನ ಗುಣವಿರುವ ಸ್ಟೇನ್‌ಲೆಸ್ ಉಕ್ಕಿನವು. ಬೋರಿನ ಸುತ್ತ, ನೀರಿನ ಮತ್ತು ಎಣ್ಣೆಯ ದಾರಿಗಳ ಸುತ್ತ ಅವುಗಳ ಮೇಲೆ ಉಬ್ಬುಗೆರೆಗಳನ್ನು ಒತ್ತಿರುತ್ತಾರೆ. ಕೈಯಲ್ಲಿ ಹಿಡಿದು ಬೆರಳು ಆಡಿಸಿದರೆ ಈ ಉಬ್ಬು ಸ್ಪಷ್ಟವಾಗಿ ತಾಗುತ್ತದೆ. ಹೆಡ್ ಬಿಗಿಮಾಡಿದಾಗ ಉಬ್ಬು ತಗ್ಗುತ್ತದೆ. ಹೆಡ್ ಏಳಲು ನೋಡಿದಾಗ ಅದು ಪುಟಿದು ಅದರ ಬೆನ್ನಿಗೇ ಏಳುತ್ತದೆ. ಈ ಒಂದು ಗುಣದಿಂದಾಗಿಯೇ 1990ರ ದಶಕದಿಂದೀಚೆಗೆ ಕಾರ್ಖಾನೆಯಿಂದ ಹೊರಬರುವ ಎಂಜಿನ್‌ಗಳಲ್ಲಿ ಎಂಎಲ್‌ಎಸ್ ಸಾಮಾನ್ಯವಾಗಿದೆ.

ಉಬ್ಬುಗೆರೆ ಪೂರ್ತಿ ಚಪ್ಪಟೆಯಾದರೆ ಪುಟಿಯಲು ಏನೂ ಉಳಿಯುವುದಿಲ್ಲ, ಮತ್ತೆ ಮತ್ತೆ ಮಡಚಿ ಬಿರುಕೂ ಬಿಡುತ್ತದೆ. ಅದಕ್ಕಾಗಿ ಒಳ್ಳೆಯ ಎಂಎಲ್‌ಎಸ್‌ನಲ್ಲಿ ಬೋರಿನ ಅಂಚಿಗೆ ಸ್ಟಾಪರ್ ಎಂಬ ತುಸು ದಪ್ಪದ ಪಟ್ಟಿ ಇರುತ್ತದೆ. ಅದು ಎದ್ದಿರುವುದು ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಉಬ್ಬುಗೆರೆ ಅತಿಯಾಗಿ ತುಳಿಸಿಕೊಳ್ಳದಂತೆ ಅದು ತಡೆಯುತ್ತದೆ, ಬೋಲ್ಟಿನ ಬಿಗಿಯನ್ನು ಬೋರಿನ ಸುತ್ತ ಒಟ್ಟುಗೂಡಿಸುತ್ತದೆ. ಹೆಚ್ಚು ಬೂಸ್ಟಿಗೆ ಎಂಎಲ್‌ಎಸ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಪದರ ಎಷ್ಟು ಎಂಬುದಲ್ಲ, ಸ್ಟಾಪರ್ ಇದೆಯೇ ಎಂಬುದು. ಪದರಗಳ ಸಂಖ್ಯೆ ಬಹಳ ಸಲ ದಪ್ಪವನ್ನು ಹೊಂದಿಸಲು ಮಾಡಿದ ವ್ಯವಸ್ಥೆಯಷ್ಟೇ.

ಇನ್ನು ಬೆಲೆ ತೆರುವ ಭಾಗ. ಉಕ್ಕು ಗೀರಿನೊಳಗೆ ಇಳಿಯುವುದಿಲ್ಲ. ಹೊರಪದರದ ಮೇಲೆ ಬಳಿದ ವೈಟಾನ್ ಅಥವಾ ನೈಟ್ರೈಲ್ ರಬ್ಬರಿನ ತೆಳು ಲೇಪ ಮಾತ್ರ ಆ ಕೆಲಸ ಮಾಡಬೇಕು. ಅದರ ದಪ್ಪವೋ ಸುಮಾರು 25 ಮೈಕ್ರಾನ್. ಹಾಗಾಗಿ ಎಂಎಲ್‌ಎಸ್ ಕೇಳುವ ಮೇಲ್ಮೈ 1.25 ಮೈಕ್ರಾನ್ ಆರ್‌ಎ ಒಳಗಿರಬೇಕು, ಅಂದರೆ 50 ಮೈಕ್ರೊ ಇಂಚು. ಕೆಲವು ತಯಾರಕರು 30ಕ್ಕೂ ಕಡಿಮೆ ಕೇಳುತ್ತಾರೆ. ಬೆಲ್ಟಿನ ಮೇಲೆ ಉಜ್ಜಿ ಕೊಟ್ಟ ಹೆಡ್ ಇದನ್ನು ಮುಟ್ಟುವುದು ಕಷ್ಟ. ಕಬ್ಬಿಣಕ್ಕೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಕಟ್ಟರ್, ಅಲ್ಯೂಮಿನಿಯಂಗೆ ಪಿಸಿಡಿ (ಕೃತಕ ವಜ್ರದ) ಕಟ್ಟರ್ ಹಾಕಿ, ಕಟ್ಟರ್ ವೇಗವಾಗಿ ತಿರುಗುತ್ತ ನಿಧಾನವಾಗಿ ಮುಂದೆ ಸರಿಯುವಂತೆ ಒಂದೇ ಕೊನೆಯ ಸುತ್ತಿನಲ್ಲಿ ತೆಗೆದರೆ ಸಿಗುವ ನಯ ಅದು. ಮಷೀನ್ ಶಾಪಿಗೆ ಹೋದಾಗ "ಎಂಎಲ್‌ಎಸ್‌ಗೆ ಬೇಕು" ಎಂದು ಮೊದಲೇ ಹೇಳಿ, ಸಾಧ್ಯವಾದರೆ ನಯ ಅಳೆಯುವ ಪ್ರೊಫೈಲೋಮೀಟರಿನಲ್ಲಿ ಅಳೆದು ಸಂಖ್ಯೆಯನ್ನೇ ಕೇಳಿ. ಉಗುರು ಗೀಚಿ ನೋಡಿ "ನಯವಾಗಿದೆ" ಎನ್ನುವುದು ಇಲ್ಲಿ ಸಾಲದು.

ಇನ್ನೊಂದು ವಿಷಯ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ತೆಗೆಯಲು ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುಡಿಸ್ಕ್ ಹಚ್ಚುವ ರೂಢಿ ಬಹಳ ಕಡೆ ಇದೆ. ಅಲ್ಯೂಮಿನಿಯಂ ಮೇಲೆ ಅದು ಕಣ್ಣಿಗೆ ಕಾಣದ ತಗ್ಗುಗಳನ್ನು ಮಾಡುತ್ತದೆ. ಉದುರುವ ಅಪಘರ್ಷಕ ಪುಡಿ ಎಣ್ಣೆಯೊಂದಿಗೆ ಸೇರಿ ಬೇರಿಂಗುಗಳನ್ನು ತಿಂದು ಹಾಕುತ್ತದೆ. ಕಾಂಪೊಸಿಟ್ ಆಗಿದ್ದರೆ ತಗ್ಗುಗಳನ್ನಾದರೂ ಸಹಿಸೀತು. ಎಂಎಲ್‌ಎಸ್ ಸಹಿಸುವುದಿಲ್ಲ. ಪ್ಲಾಸ್ಟಿಕ್ ಅಂಚಿನ ಕೆರೆಯುವ ಪಟ್ಟಿ, ಗ್ಯಾಸ್ಕೆಟ್ ಕರಗಿಸುವ ದ್ರವ, ಮತ್ತು ತಾಳ್ಮೆ ಇಷ್ಟಿದ್ದರೆ ಸಾಕು.

ಲೋಹಗಳ ಉಜ್ಜಾಟವನ್ನು ಎಂಎಲ್‌ಎಸ್ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಪದರಗಳು ಒಂದರ ಮೇಲೊಂದು ತುಸು ಜಾರುವುದರಿಂದ ಎಳೆತ ಹಂಚಿಹೋಗುತ್ತದೆ. ಅಲ್ಯೂಮಿನಿಯಂ ಹೆಡ್, ಕಬ್ಬಿಣದ ಬ್ಲಾಕ್ ಜೋಡಿಗೆ ಇದು ದೊಡ್ಡ ಅನುಕೂಲ. ಒಮ್ಮೆ ಸರಿಯಾಗಿ ಕೂತರೆ ಮತ್ತೆ ಬಿಗಿಮಾಡುವ ಕೆಲಸವೂ ಸಾಮಾನ್ಯವಾಗಿ ಇರುವುದಿಲ್ಲ. ಬಿಚ್ಚಿದ ಮೇಲೆ ಮರುಬಳಕೆ ಬೇಡ. ಲೇಪ ಹರಿದಿರುತ್ತದೆ.

ತಾಮ್ರ: ಕಾರಣವಿದ್ದವರಿಗೆ

ತಾಮ್ರದ ಗ್ಯಾಸ್ಕೆಟ್ ಎಂದರೆ ಒಂದೇ ಹಾಳೆ, ಬೇಕಾದ ಆಕಾರಕ್ಕೆ ಕತ್ತರಿಸಿದ್ದು. ಉರಿಯುವ ಅನಿಲದ ಎದುರು ಅದು ಬೇಗ ಸೋಲುವುದಿಲ್ಲ. ಬಿಸಿಯನ್ನು ಸ್ಟೇನ್‌ಲೆಸ್ ಉಕ್ಕಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಹರಿಸುವುದರಿಂದ ಒಂದು ಕಡೆ ಬಿಸಿ ಕೂಡಿಕೊಳ್ಳಲು ಬಿಡುವುದಿಲ್ಲ. ತೊಂಬತ್ತು ಶೇಕಡಾ ನೈಟ್ರೊಮೀಥೇನ್ ಸುಡುವ ಟಾಪ್ ಫ್ಯೂಯೆಲ್ ಡ್ರ್ಯಾಗ್ (ನೇರ ದಾರಿಯಲ್ಲಿ ಕೆಲವೇ ಸೆಕೆಂಡುಗಳ ಓಟ) ಎಂಜಿನ್‌ಗಳಲ್ಲಿ ತಾಮ್ರವೇ ಇರುತ್ತದೆ ಎಂಬುದನ್ನು ತಾಮ್ರದ ಅಭಿಮಾನಿಗಳು ಮರೆಯದೆ ಹೇಳುತ್ತಾರೆ. ಮಾತು ನಿಜ. ಅವರು ಹೇಳದೆ ಬಿಡುವುದು ಇದು: ಆ ಬ್ಲಾಕಿನಲ್ಲಿ ನೀರಿನ ದಾರಿಯೇ ಇಲ್ಲ, ಮತ್ತು ಓಟ ಮುಗಿದ ಕೂಡಲೇ ಎಂಜಿನ್ ಬಿಚ್ಚಿಕೊಳ್ಳುತ್ತದೆ.

ತಾಮ್ರದ ಕಷ್ಟ ಇರುವುದೇ ನೀರಿನಲ್ಲಿ. ಅದಕ್ಕೆ ಪುಟಿಯುವ ಗುಣ ಇಲ್ಲವೆಂದೇ ಹೇಳಬೇಕು. ಒಮ್ಮೆ ಒತ್ತಿದರೆ ಒತ್ತಿದಲ್ಲೇ ಉಳಿಯುತ್ತದೆ. ರಬ್ಬರಿನ ಲೇಪವೂ ಇಲ್ಲ. ಆದ್ದರಿಂದ ಪ್ರತಿ ನೀರಿನ ತೂತಿನ ಸುತ್ತ ಸಿಲಿಕೋನ್ ಸೀಲಂಟಿನ ತೆಳು ಗೆರೆ ಎಳೆಯಬೇಕು ಅಥವಾ ಇಡೀ ಹಾಳೆಗೆ ಅಂಟುವ ಸ್ಪ್ರೇ ಹೊಡೆಯಬೇಕು. ಅನಿಲವನ್ನು ಹಿಡಿಯಲು ಬರಿಯ ಹಾಳೆ ಸಾಲದು. ಬ್ಲಾಕಿನಲ್ಲಿ ಬೋರಿನ ಸುತ್ತ ತೋಡು ಕೊರೆದು, ಸುಮಾರು ಒಂದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿಯನ್ನು ಒಳಗೆ ಕೂರಿಸಿ, ಅದರ ಕಾಲು ಭಾಗದಷ್ಟು ಮೇಲೆದ್ದಿರುವಂತೆ ಬಿಡುತ್ತಾರೆ. ಇದೇ ಒ-ರಿಂಗ್. ಹೆಡ್ ಬಿಗಿಯುವಾಗ ಆ ತಂತಿ ತಾಮ್ರದೊಳಗೆ ಕಚ್ಚಿಕೊಳ್ಳುತ್ತದೆ. ಹೆಚ್ಚು ಒತ್ತಡವಿದ್ದರೆ ಎದುರಿನ ಹೆಡ್ಡಿನಲ್ಲಿ ತಾಮ್ರ ಇಳಿಯಲು ಇನ್ನೊಂದು ತೋಡು ಬೇಕು. ಈ ಮಷೀನ್ ಕೆಲಸದ ಮುಂದೆ ಗ್ಯಾಸ್ಕೆಟ್ಟಿನ ಬೆಲೆ ಏನೂ ಅಲ್ಲ. ತೋಡು ಕೊರೆದ ಮೇಲೆ ಹಿಂದಿರುಗುವ ದಾರಿಯೂ ಸುಲಭವಲ್ಲ, ಏಕೆಂದರೆ ಆ ತೋಡಿನ ಮೇಲೆ ಎಂಎಲ್‌ಎಸ್‌ನ ಉಬ್ಬುಗೆರೆ ಬಂದು ಕೂತರೆ ಅದು ಸೀಲ್ ಆಗುವುದಿಲ್ಲ.

ಹಾಗಾದರೆ ಯಾರಿಗೆ? ಎರಡು ಬಗೆಯವರಿಗೆ. ಒಂದು, ಪದೇ ಪದೇ ಎಂಜಿನ್ ಬಿಚ್ಚುವ ಸ್ಪರ್ಧಾಳುಗಳಿಗೆ. ತಾಮ್ರ ಒತ್ತಿಸಿಕೊಂಡಂತೆ ಗಡುಸಾಗುತ್ತದೆ, ಆದರೆ ಮಂದ ಕೆಂಪಾಗುವವರೆಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿಗೆ ಅದ್ದಿದರೂ ಸರಿ, ಗಾಳಿಯಲ್ಲಿ ತಣಿಯಲು ಬಿಟ್ಟರೂ ಸರಿ. ಈ ವಿಷಯದಲ್ಲಿ ಅದು ಉಕ್ಕಿನಂತಲ್ಲ. ಹೀಗಾಗಿ ಒಂದೇ ಹಾಳೆ ಹಲವು ಸಲ ಬಳಕೆಗೆ ಬರುತ್ತದೆ. ಎರಡು, ಅಪರೂಪದ ಎಂಜಿನ್ ಇಟ್ಟುಕೊಂಡವರಿಗೆ. ಎಂಎಲ್‌ಎಸ್ ಮಾಡಲು ಅಚ್ಚು ಬೇಕು, ತಾಮ್ರಕ್ಕೆ ಒಂದು ನಕ್ಷೆ ಸಾಕು. ಬೋರನ್ನು ವಿಪರೀತ ದೊಡ್ಡದು ಮಾಡಿಸಿಕೊಂಡವರಿಗೂ, ಯಾರೂ ಗ್ಯಾಸ್ಕೆಟ್ ಮಾಡದ ಹಳೆಯ ಎಂಜಿನ್ನಿನವರಿಗೂ ಒಂದೇ ಒಂದು ಗ್ಯಾಸ್ಕೆಟ್ಟನ್ನು ಬೇಕಾದ ದಪ್ಪಕ್ಕೆ ಕತ್ತರಿಸಿ ಕೊಡುತ್ತಾರೆ. ದಿನವೂ ಓಡಿಸುವ ವಾಹನಕ್ಕೆ ತಾಮ್ರ ಹಾಕಿಕೊಂಡು ರೇಡಿಯೇಟರ್ ನೀರು ಜಿನುಗುತ್ತಿದೆ ಎಂದು ಗೊಣಗುವವರ ಬಗ್ಗೆ ನನಗೆ ಹೆಚ್ಚು ಮರುಕವಿಲ್ಲ.

ಡೀಸೆಲ್ ಎಂಜಿನ್ನಿಗೆ ವಿಪರೀತ ಬೂಸ್ಟ್ ಕೊಟ್ಟು ಟ್ರ್ಯಾಕ್ಟರ್ ಎಳೆತದ ಸ್ಪರ್ಧೆಗೆ ಇಳಿಯುವವರು ಇನ್ನೊಂದು ದಾರಿ ಹಿಡಿಯುತ್ತಾರೆ. ಹೆಡ್ಡಿನಲ್ಲಿ ತೋಡು ಕೊರೆದು ಬಿಡಿ ಉಕ್ಕಿನ ಫೈರ್ ರಿಂಗನ್ನು ಕೂರಿಸುತ್ತಾರೆ, ನೀರು-ಎಣ್ಣೆಯ ಕೆಲಸವನ್ನು ಸುತ್ತಲಿನ ಗ್ಯಾಸ್ಕೆಟ್ಟಿಗೆ ಬಿಡುತ್ತಾರೆ. ಒತ್ತಡವನ್ನು ಹಿಡಿಯುವುದರಲ್ಲಿ ಇದು ಎಲ್ಲಕ್ಕಿಂತ ಮುಂದೆ. ರಸ್ತೆಯ ಬಳಕೆಗೆ ಅತಿಯಾಯಿತು.

ದಪ್ಪದ ಲೆಕ್ಕ

ಗ್ಯಾಸ್ಕೆಟ್ ದಪ್ಪ ಹಾಕಿ ಕಂಪ್ರೆಷನ್ ಇಳಿಸಿಕೊಂಡು ಬೂಸ್ಟ್ ಏರಿಸುವ ಉಪಾಯ ಬಹಳ ಜನಪ್ರಿಯ. ಒಂದು ಸಲ ಲೆಕ್ಕ ಹಾಕಿ ನೋಡಿ. 86 ಮಿಲಿಮೀಟರ್ ಬೋರ್, 86 ಮಿಲಿಮೀಟರ್ ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಗಾತ್ರ ಸುಮಾರು 500 ಸಿಸಿ. ಕಂಪ್ರೆಷನ್ 10:1 ಇದ್ದರೆ ಮೇಲೆ ಉಳಿಯುವ ಜಾಗ 55.5 ಸಿಸಿ. ಅದನ್ನು 9:1ಕ್ಕೆ ಇಳಿಸಲು 7 ಸಿಸಿಯಷ್ಟು ಹೆಚ್ಚಿಗೆ ಜಾಗ ಬೇಕು. ಗ್ಯಾಸ್ಕೆಟ್ಟಿನ ಬೋರ್ 87 ಮಿಲಿಮೀಟರ್ ಎಂದಿಟ್ಟುಕೊಂಡರೆ ದಪ್ಪ ಸುಮಾರು 1.2 ಮಿಲಿಮೀಟರ್ ಏರಬೇಕು. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಇರಬೇಕಾದ ಸ್ಕ್ವಿಶ್ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಅದೀಗ ಎರಡು ಮಿಲಿಮೀಟರ್ ದಾಟಿತು. ಕಿರಿದಾದ ಅಂತರದಿಂದ ಮಿಶ್ರಣ ನಡುವಿಗೆ ನುಗ್ಗಿ ಕಲಕುವುದು, ಬೇಗ ಉರಿಯುವುದು, ಅಂಚಿನಲ್ಲಿ ಬಿಸಿ ಅನಿಲ ಉಳಿಯದಿರುವುದು ಈ ಅನುಕೂಲಗಳೆಲ್ಲ ಹೋದವು. ಅಂದರೆ ನಾಕಿಂಗ್ (ಮಿಶ್ರಣದ ಉಳಿದ ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುವುದು) ತಪ್ಪಿಸಲು ಮಾಡಿದ ಉಪಾಯವೇ ನಾಕಿಂಗಿಗೆ ಬಾಗಿಲು ತೆರೆಯಿತು. ಮೇಲೆ ಕ್ಯಾಮ್‌ಶಾಫ್ಟ್ ಇರುವ ಎಂಜಿನ್ನಿನಲ್ಲಿ ಹೆಡ್ ಎತ್ತರವಾದಷ್ಟೂ ಕ್ಯಾಮ್ ಟೈಮಿಂಗೂ ತುಸು ಹಿಂದೆ ಸರಿಯುತ್ತದೆ.

ಕಂಪ್ರೆಷನ್ ಇಳಿಸಬೇಕೆಂದರೆ ತಗ್ಗು ಇರುವ ಪಿಸ್ಟನ್ ಹಾಕಿಸುವುದೇ ಸರಿಯಾದ ದಾರಿ, ದುಬಾರಿಯಾದರೂ ಸರಿ. ಗ್ಯಾಸ್ಕೆಟ್ಟಿನ ದಪ್ಪವನ್ನು ಹೆಡ್ಡಿನಿಂದ ಯಂತ್ರ ತೆಗೆದಷ್ಟು ಲೋಹವನ್ನು ಸರಿದೂಗಿಸಲು ಬಳಸಿ. ಈ ಕೆಲಸಕ್ಕೆ ಎಂಎಲ್‌ಎಸ್, ತಾಮ್ರ ಎರಡೂ ಹಲವು ದಪ್ಪಗಳಲ್ಲಿ ಸಿಗುತ್ತವೆ, ಕಾಂಪೊಸಿಟ್‌ನಲ್ಲಿ ಆಯ್ಕೆ ಕಡಿಮೆ. ಡೀಸೆಲ್ ಎಂಜಿನ್ನಿನಲ್ಲಂತೂ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆದು, ಅಂಚಿನಲ್ಲಿ ಕೊಟ್ಟಿರುವ ಕಚ್ಚು ಅಥವಾ ತೂತುಗಳ ಗುರುತು ನೋಡಿ ದಪ್ಪವನ್ನು ಆರಿಸಬೇಕು. ಅಲ್ಲಿ ಅಂದಾಜಿಗೆ ಜಾಗವಿಲ್ಲ.

ಬೋಲ್ಟು, ಸ್ಟಡ್ಡು, ಮತ್ತು ನಾಕಿಂಗ್

ಟಾರ್ಕ್ ರೆಂಚಿನಲ್ಲಿ ನೀವು ಕೊಡುವ ಬಲದ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಿ ಹೆಡ್ಡನ್ನು ಒತ್ತುತ್ತದೆ. ಥ್ರೆಡ್ಡಿನಲ್ಲಿ ತುಕ್ಕೋ ಒಣ ಕೊಳೆಯೋ ಇದ್ದರೆ ಆ ಒಂದು ಪಾಲೂ ಅರ್ಧವಾಗುತ್ತದೆ, ರೆಂಚ್ ಮಾತ್ರ ಎಂದಿನಂತೆ ಟಕ್ ಎನ್ನುತ್ತದೆ. ಹಾಗಾಗಿ ಥ್ರೆಡ್ ಶುಚಿ ಮಾಡುವುದು, ತಯಾರಕರು ಹೇಳಿದ ಜಿಡ್ಡನ್ನೇ ಹಚ್ಚುವುದು, ಒಂದು ಸಲ ಹಿಗ್ಗಿಸಿ ಬಳಸುವ ಬೋಲ್ಟುಗಳನ್ನು ಮತ್ತೆ ಹಾಕದಿರುವುದು ಇವು ಯಾವ ಗ್ಯಾಸ್ಕೆಟ್‌ಗೂ ಅನ್ವಯಿಸುತ್ತವೆ. ತಳ ಮುಚ್ಚಿದ ಬೋಲ್ಟ್ ತೂತಿನಲ್ಲಿ ಎಣ್ಣೆ ಅಥವಾ ನೀರು ನಿಂತಿದ್ದರೆ ಬಿಗಿಮಾಡುವಾಗ ಬ್ಲಾಕೇ ಸೀಳಬಹುದು.

ಬೂಸ್ಟ್ ಹೆಚ್ಚಿದರೆ ಸ್ಟಡ್ಡಿಗೆ ಹೋಗುವುದು ಒಳ್ಳೆಯದು. ಸ್ಟಡ್ ತಾನು ತಿರುಗದೆ ಮೇಲಿನ ನಟ್ ಮಾತ್ರ ತಿರುಗುವುದರಿಂದ ಬಿಗಿ ಎಲ್ಲ ಕಡೆ ಒಂದೇ ಸಮ ಬರುತ್ತದೆ. 10 ಮಿಲಿಮೀಟರಿನ ಜಾಗದಲ್ಲಿ 12 ಮಿಲಿಮೀಟರ್ ಸ್ಟಡ್ ಹಾಕಿಸಿದರೆ ಉಕ್ಕಿನ ಅಡ್ಡವಿಸ್ತೀರ್ಣ ನೂರಕ್ಕೆ 44ರಷ್ಟು ಏರುತ್ತದೆ. ಹಣ ಸೀಮಿತವಾಗಿದ್ದು ಅತಿ ದುಬಾರಿ ಗ್ಯಾಸ್ಕೆಟ್ ಇಲ್ಲವೇ ಒಳ್ಳೆಯ ಸ್ಟಡ್, ಎರಡರಲ್ಲಿ ಒಂದು ಎಂದಾದರೆ ನಾನು ಸ್ಟಡ್ಡಿಗೂ ಮೇಲ್ಮೈಗೂ ಹಣ ಹಾಕಿ ಸಾಧಾರಣ ಎಂಎಲ್‌ಎಸ್ ಕೊಳ್ಳುತ್ತೇನೆ. ಹಾಗೆಂದು ಬಿಗಿಯನ್ನು ಮನಬಂದಂತೆ ಏರಿಸುವುದೂ ಸಲ್ಲ. ಬೋರು ವಕ್ರವಾಗುತ್ತದೆ, ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಕಿತ್ತುಬರುತ್ತದೆ.

ಗ್ಯಾಸ್ಕೆಟ್ ಒಂದರ ಮೇಲೊಂದು ಹೋಗುತ್ತಿದೆ ಎನ್ನುವವರಲ್ಲಿ ಬಹಳ ಮಂದಿಯ ನಿಜವಾದ ಕಾಯಿಲೆ ನಾಕಿಂಗ್. ಇಗ್ನಿಷನ್ ಮುಂದಿದೆ, ಇಂಧನ ಸಾಲದು, ಸೇರುವ ಗಾಳಿ ಬಿಸಿಯಾಗಿದೆ. ಒತ್ತಡ ಕ್ಷಣಮಾತ್ರದಲ್ಲಿ ಸುತ್ತಿಗೆಯಂತೆ ಬಡಿಯುತ್ತದೆ. ಅದನ್ನು ಬಿಟ್ಟು ಗ್ಯಾಸ್ಕೆಟ್ ಬದಲಿಸುತ್ತ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಇಲ್ಲಿ ಒಂದು ಕಹಿ ಸತ್ಯವೂ ಇದೆ. ಕಾಂಪೊಸಿಟ್ ಬೇಗ ಸೋತು ಎಂಜಿನ್ ನಿಲ್ಲಿಸಿಬಿಡುತ್ತದೆ. ಎಂಎಲ್‌ಎಸ್ ಸೋಲದೆ ಹಿಡಿದುಕೊಂಡಿರುತ್ತದೆ, ಅದರ ಬದಲಿಗೆ ಪಿಸ್ಟನ್ನಿನ ರಿಂಗುಗಳ ನಡುವಿನ ಭಾಗ ಒಡೆಯುತ್ತದೆ. ಟ್ಯೂನಿಂಗ್ ಇನ್ನೂ ಕುದುರದ ಎಂಜಿನ್ನಿಗೆ ಅತಿ ಬಲವಾದ ಗ್ಯಾಸ್ಕೆಟ್ ಹಾಕುವ ಮೊದಲು ಇದನ್ನು ಯೋಚಿಸಬೇಕು.

ಗ್ಯಾಸ್ಕೆಟ್ಟಿನ ವಸ್ತುವೊಂದೇ ಕಾರಣವಲ್ಲ ಎಂಬುದಕ್ಕೆ ಬ್ರಿಟನ್ನಿನ ರೋವರ್ ಕಾರುಗಳ ಕೆ ಸೀರೀಸ್ ಎಂಜಿನ್ ಒಳ್ಳೆಯ ಉದಾಹರಣೆ. ಅದರ ಮೂಲ ಗ್ಯಾಸ್ಕೆಟ್ ಉಕ್ಕಿನ ಹಾಳೆಯ ಮೇಲೆ ರಬ್ಬರಿನಂಥ ಗೆರೆಗಳಿದ್ದದ್ದು. ಅದು ಕೈಕೊಡುತ್ತದೆ ಎಂದು ಕುಖ್ಯಾತಿ ಬಂದ ಮೇಲೆ ಎಂಎಲ್‌ಎಸ್ ಬಂತು. ಆದರೆ ಹೆಡ್ಡನ್ನು ಜಾಗದಲ್ಲಿ ಹಿಡಿಯುವ ಪ್ಲಾಸ್ಟಿಕ್ ಗೂಟಗಳ ಬದಲು ಉಕ್ಕಿನ ಗೂಟ ಹಾಕುವುದು, ಲೈನರುಗಳು (ಬ್ಲಾಕಿನೊಳಗೆ ಕೂರಿಸಿದ ಸಿಲಿಂಡರಿನ ಬಿಡಿ ಕೊಳವೆಗಳು) ಬ್ಲಾಕಿಗಿಂತ ಎಷ್ಟು ಮೇಲೆದ್ದಿವೆ ಎಂದು ಅಳೆಯುವುದು, ಇವನ್ನು ಮಾಡದೆ ಹೊಸ ಗ್ಯಾಸ್ಕೆಟ್ ಮಾತ್ರ ಹಾಕಿದವರಿಗೆ ನೆಮ್ಮದಿ ಸಿಗಲಿಲ್ಲ. ಲೈನರ್ ಇರುವ ಯಾವ ಎಂಜಿನ್ನಿಗೂ ಇದೇ ಮಾತು. ಒಂದು ಲೈನರ್ ಕುಸಿದಿದ್ದರೆ ಅದರ ಸುತ್ತ ಎಂಎಲ್‌ಎಸ್‌ಗೆ ಒತ್ತಡವೇ ಬೀಳುವುದಿಲ್ಲ.

ನಿಮ್ಮದು ಯಾವ ಸ್ಥಿತಿ?

ಟರ್ಬೊ ಇಲ್ಲದ ರಸ್ತೆಯ ಎಂಜಿನ್, ಬ್ಲಾಕ್ ಕೆಳಗಿಳಿಸುವ ಯೋಚನೆಯಿಲ್ಲ, ಕೈಯಲ್ಲಿ ಹಣ ಕಡಿಮೆ ಎಂದಾದರೆ ಒಳ್ಳೆಯ ತಯಾರಕರ ಗ್ರಾಫೈಟ್ ಕಾಂಪೊಸಿಟ್, ಜೊತೆಗೆ ಹೊಸ ಬೋಲ್ಟು. ಕಾರ್ಖಾನೆಯಿಂದಲೇ ಎಂಎಲ್‌ಎಸ್ ಇದ್ದ ಎಂಜಿನ್ನಿಗೆ ಸಾಧಾರಣ ಬೂಸ್ಟ್ ಏರಿಸುವುದಾದರೆ ಅದೇ ಮೂಲ ಗ್ಯಾಸ್ಕೆಟ್, ಸ್ವಚ್ಛ ಮುಖ, ಒಳ್ಳೆಯ ಸ್ಟಡ್. ದುಬಾರಿ ರೇಸಿಂಗ್ ಗ್ಯಾಸ್ಕೆಟ್ ಆಗ ಬೇಕಾಗದೇ ಹೋಗಬಹುದು. ಶಕ್ತಿಯನ್ನು ಎರಡು ಪಟ್ಟು ಮಾಡಲು ಹೊರಟವರು, ರೇಸ್ ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಎಳೆಯುವವರು ಹೆಡ್, ಬ್ಲಾಕ್ ಎರಡನ್ನೂ ಯಂತ್ರಕ್ಕೆ ಕೊಟ್ಟು ಸ್ಟಾಪರ್ ಇರುವ ಎಂಎಲ್‌ಎಸ್ ಹಾಕಬೇಕು. ಅದರಲ್ಲಿ ಮಧ್ಯದ ದಾರಿಯಿಲ್ಲ. ವಾರಕ್ಕೊಮ್ಮೆ ಹೆಡ್ ಬಿಚ್ಚುವ ಡ್ರ್ಯಾಗ್ ರೇಸಿನವರು, ಯಾವ ಅಂಗಡಿಯಲ್ಲೂ ಗ್ಯಾಸ್ಕೆಟ್ ಸಿಗದ ಎಂಜಿನ್ನಿನವರು ಒ-ರಿಂಗಿನ ಜೊತೆ ತಾಮ್ರ ಹಾಕಲಿ.

ಹೊಸದನ್ನು ತರಿಸುವ ಮೊದಲು ಹಳೆಯ ಗ್ಯಾಸ್ಕೆಟ್ಟನ್ನು ಎಸೆಯಬೇಡಿ. ಬೆಳಕಿನಲ್ಲಿ ಹಿಡಿದು ನೋಡಿ. ಬೋರಿನ ಬಳೆ ಒಡೆದೋ ಬಿರುಕು ಬಿಟ್ಟೋ ಇದ್ದರೆ ನಾಕಿಂಗ್, ಮೊದಲು ಟ್ಯೂನಿಂಗ್ ಸರಿಪಡಿಸಿ. ಬಳೆ ಗಟ್ಟಿಯಾಗಿದ್ದು ಅದರ ಮೇಲೆ ಹಾದುಹೋದ ಕಪ್ಪು ಮಸಿಯ ಗೆರೆ ಇದ್ದರೆ ಹೆಡ್ ಎದ್ದಿದೆ, ಬೋಲ್ಟುಗಳ ಕಡೆ ನೋಡಿ. ಒಂದು ತುದಿಯಲ್ಲಿ ಒತ್ತಿದ ಗುರುತು ಆಳವಾಗಿದ್ದು ಇನ್ನೊಂದು ತುದಿಯಲ್ಲಿ ಮಂಕಾಗಿದ್ದರೆ ಹೆಡ್ ಸೊಟ್ಟಗಿದೆ ಅಥವಾ ಬೋಲ್ಟುಗಳ ಬಿಗಿ ಏರುಪೇರಾಗಿದೆ. ಎಂಎಲ್‌ಎಸ್‌ನ ಲೇಪ ಉದ್ದುದ್ದ ಉಜ್ಜಿಹೋಗಿದ್ದರೆ ಹೆಡ್ ಜಾರಾಡುತ್ತಿದೆ, ಗೂಟಗಳನ್ನೂ ಮೇಲ್ಮೈಯ ನಯವನ್ನೂ ಪರೀಕ್ಷಿಸಿ. ನೀರಿನ ತೂತಿನಿಂದ ಹೊರಟ ತುಕ್ಕಿನ ಗೆರೆ ಮಾತ್ರ ಕಂಡರೆ ಒತ್ತಡದ ಪ್ರಶ್ನೆಯೇ ಇಲ್ಲ. ಗೀರು ಬಿದ್ದ ಮುಖವನ್ನು ಸರಿಮಾಡಿಸಿ ಮೊದಲಿದ್ದ ಬಗೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದರೂ ನಡೆಯುತ್ತದೆ.